ನನ್ನ ಪರವಾಗಿ ಭಂಡಾರ ಮುಟ್ಟಿದವರು

ಮಾವಶಿಯ ಅಂಗೈ ಎಷ್ಟು ತೊಳೆದರೂ ತಂಬಾಕಿನ ಬಣ್ಣ ಬಿಡುತ್ತಿರಲಿಲ್ಲ. ಬೆರಳ ಗೆಣ್ಣುಗಳಲ್ಲಿ ಕಂದು ಗೆರೆಗಳು ಹಳೆಯ ಮದರಂಗಿಯಂತೆ ಕೂತಿದ್ದವು. ಸಂಜೆ ಕೆಲಸ ಬಿಡುವ ಹೊತ್ತಿಗೆ ಅವರು ಬಳೆಗಳನ್ನು ಮೇಲಕ್ಕೆ ಸರಿಸಿ, ಮೇಲೊಂದು ಬಟ್ಟೆಯ ಪಟ್ಟಿ ಸುತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಳೆ ಯಾರ ಮೈಗೂ ಗೀರಬಾರದು ಎಂದು.

ನಿಪ್ಪಾಣಿಯ ಆ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಅವರದು ಝಡತಿ ಕೆಲಸ. ಚಿಕ್ಕಮ್ಮ ಎಂಬ ಅರ್ಥದಲ್ಲಿ ಎಲ್ಲರೂ ಅವರನ್ನು ಮಾವಶಿ ಅನ್ನುತ್ತಿದ್ದೆವು. ಜರಡಿ ಹಿಡಿಯುವ ನಾವು ಮೂವತ್ತು ಹೆಂಗಸರು ಮನೆಗೆ ಹೊರಡುವಾಗ ಒಬ್ಬೊಬ್ಬರಾಗಿ ಅವರ ಮುಂದೆ ನಿಂತು ಕೈ ಎತ್ತಬೇಕು. ಅವರು ಸೊಂಟ, ಸೆರಗು, ತುರುಬು ಮುಟ್ಟಿ ನೋಡಿ ಬೆನ್ನ ಮೇಲೊಂದು ಸಣ್ಣ ಏಟು ಕೊಟ್ಟರೆ ಹೋಗಬಹುದು. ನಾನು ಭೋಜ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸು ತಪ್ಪೀತೆಂದು ಚಡಪಡಿಸಿದರೆ, "ನಿನ್ನ ಬಸ್ ನಿನ್ನ ಬಿಟ್ಟು ಹೋಗೂದಿಲ್ಲ, ನಿಂದ್ರ" ಅನ್ನುವರು.

ಆ ಬೆರಳುಗಳಿಗೆ ತಿಳಿಯದ ಸಂಗತಿ ಇರಲಿಲ್ಲ. ಬೆಳಿಗ್ಗೆಯಿಂದ ಉಪವಾಸ ಇದ್ದವಳು ಯಾರು, ಗಂಡನಿಂದ ಪೆಟ್ಟು ತಿಂದು ಬಂದವಳು ಯಾರು ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಮ್ಮೆ ಹೊಸದಾಗಿ ಮದುವೆಯಾದವಳ ಹೊಟ್ಟೆ ಮುಟ್ಟಿ, "ನಿನ್ನ ಗಂಡಗಿಂತ ಮೊದಲ ನನಗ ಗೊತ್ತಾಗೈತಿ. ನಾಳಿ ಪೇಢೆ ತಾ" ಅಂದರು. ಹಾಗೆಂದು ಅವರು ಮೆತ್ತಗಿನವರಲ್ಲ. ತುರುಬಿನಲ್ಲಿ ಜರದಾ ಪುಡಿ ಬಚ್ಚಿಟ್ಟ ಒಬ್ಬಳನ್ನು ಹಿಡಿದು ಮಾಲೀಕರ ಮುಂದೆ ನಿಲ್ಲಿಸಿದ್ದರು. ಅವಳು ಅವರ ಸ್ವಂತ ತಂಗಿಯ ಮಗಳು. ಆಮೇಲೆ ತಂಗಿಯ ಮನೆಯ ಬಾಗಿಲು ಅವರಿಗೆ ಮುಚ್ಚಿತು. ಅದಕ್ಕೇ ಅವರ ಮಾತಿಗೆ ವಖಾರಿಯಲ್ಲಿ ಬೆಲೆಯಿತ್ತು.

ಆ ದಿನದ ಮಾತು ಬರೆಯಬೇಕು. ಬರೆಯದಿದ್ದರೆ ಅವರ ಬಗ್ಗೆ ಬರೆದಂತೆಯೇ ಆಗುವುದಿಲ್ಲ.

ಮಧ್ಯಾಹ್ನ ಆಫೀಸಿನ ಕಸ ಗುಡಿಸುವ ಪಾಳಿ ನನ್ನದಿತ್ತು. ಮಾಲೀಕರ ಮೇಜಿನ ಖಾನೆಯಲ್ಲಿ ಅವರ ತಾಯಿಯ ಬೋರಮಾಳ, ಚಿನ್ನದ ಗುಂಡುಗಳ ಆ ಹಳೆಯ ಸರ, ಹೊಸದಾಗಿ ಪೋಣಿಸಲು ಕೊಡಬೇಕೆಂದು ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದರಂತೆ. ನನಗದು ಗೊತ್ತಿರಲಿಲ್ಲ. ಗುಡಿಸಿ ಹೊರಗೆ ಬಂದ ಹತ್ತು ನಿಮಿಷಕ್ಕೆ ನನಗೆ ದಿನಕ್ಕೆ ಮೊದಲೇ ಮುಟ್ಟಾಯಿತು. ಹಿಂದಿನ ಹೆಂಗಸರ ಬಚ್ಚಲಿಗೆ ಚಿಲಕವಿರಲಿಲ್ಲ, ಅವತ್ತು ನೀರೂ ಇರಲಿಲ್ಲ. ಆಫೀಸಿನ ಬಚ್ಚಲಿಗೆ ಎರಡೂ ಇದ್ದವು, ಆದರೆ ಅದನ್ನು ಬಳಸಲು ನಮಗೆ ಅಪ್ಪಣೆ ಇರಲಿಲ್ಲ. ಆಫೀಸು ಖಾಲಿ ಇದ್ದದ್ದು ನೋಡಿ ಮತ್ತೆ ಒಳಗೆ ಹೋದೆ. ಧೂಳಿಗೆಂದು ಮೂಗಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯನ್ನೇ ಮಡಚಿ ಇಟ್ಟುಕೊಂಡು ಬಂದೆ.

ಸಂಜೆ ಬೋರಮಾಳ ಇಲ್ಲವೆಂದು ತಿಳಿದಾಗ ಗೇಟು ಹಾಕಿದರು. ಎಲ್ಲರದೂ ಎರಡೆರಡು ಸಲ ಝಡತಿ ಆಯಿತು. ಮಾವಶಿಯ ಕೈ ನನ್ನ ಸೊಂಟದ ಕೆಳಗೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. ನಾನು ಅವರ ಕಿವಿಯಲ್ಲಿ, "ಯಾರಿಗೂ ಹೇಳಬ್ಯಾಡ್ರಿ ಮಾವಶಿ" ಅಂದೆ. ಅವರು ಎಂದಿನಂತೆ ಬೆನ್ನಿಗೆ ಏಟು ಕೊಟ್ಟರು.

ಆಮೇಲೆ ಅಂಗಳದ ಕ್ಯಾಮೆರಾ ನೋಡಿದರು. ಆಫೀಸಿನೊಳಗೆ ಕ್ಯಾಮೆರಾ ಇರಲಿಲ್ಲ, ಬಾಗಿಲು ಮಾತ್ರ ಕಾಣುತ್ತಿತ್ತು. ನನ್ನನ್ನು ಕರೆಸಿದರು. ಮಾಲೀಕರು, ಲೆಕ್ಕ ಬರೆಯುವ ದಿವಾಣಜಿ, ಟೆಂಪೋ ಚಾಲಕ, ಇನ್ನಿಬ್ಬರು ಹಮಾಲರು ಅಲ್ಲಿದ್ದರು. ಹೆಂಗಸರೆಂದರೆ ನಾನು ಮತ್ತು ಬಾಗಿಲಿಗೆ ಒರಗಿ ನಿಂತ ಮಾವಶಿ. ಉಳಿದವರು ಹೊರಗೆ ಸಾಲಾಗಿ ನಿಂತಿದ್ದರು.

"ಎರಡನೇ ಸಲ ಒಳಗ ಯಾಕ ಹೋಗಿದ್ದಿ?" ಮಾಲೀಕರು ಕೇಳಿದರು. ಅವರು ದನಿ ಎತ್ತುವವರಲ್ಲ.

"ಕಸಬರಿಗಿ ಮರ್ತಿದ್ನಿರಿ."

ದಿವಾಣಜಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಮೊದಲ ಸಲ ಹೊರಗೆ ಬರುವಾಗಲೇ ಪೊರಕೆ ನನ್ನ ಕೈಯಲ್ಲಿತ್ತು.

"ಸುಳ್ಳಿಗೆ ಕಾಲಿಲ್ಲ ಅಂತಿದ್ರು," ಅಂದ ದಿವಾಣಜಿ. "ಇದಕ್ಕ ಕಸಬರಿಗೀನೂ ಇಲ್ಲ ನೋಡ್ರಿ."

ಹಮಾಲನೊಬ್ಬ ನಕ್ಕ. ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. ಕಳ್ಳಿ ಅನ್ನಿಸಿಕೊಂಡವಳನ್ನು ನಿಪ್ಪಾಣಿಯ ಯಾವ ವಖಾರಿಯೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಗಂಡ ಹಾಸಿಗೆ ಹಿಡಿದಿದ್ದ ಮನೆಯಲ್ಲಿ ನನ್ನ ಪಗಾರವೊಂದೇ ಇತ್ತು.

ಮಾಲೀಕರು ಎದ್ದು, ದೇವರ ಫೋಟೋದ ಕೆಳಗಿದ್ದ ಹಿತ್ತಾಳೆ ಬಟ್ಟಲು ತಂದು ಮೇಜಿನ ಮೇಲೆ ಇಟ್ಟರು. ಅದರಲ್ಲಿ ಚಿಂಚಲಿಯಿಂದ ತಂದ ಭಂಡಾರ, ಮಾಯಕ್ಕ ದೇವಿಯ ಅರಿಶಿನ ಪುಡಿ. ನಮ್ಮ ಕಡೆ ಕೋರ್ಟಿನಲ್ಲಿ ಸುಳ್ಳು ಹೇಳುವವರೂ ಭಂಡಾರ ಹಿಡಿದು ಹೇಳುವುದಿಲ್ಲ.

"ಪೊಲೀಸ್ ಬ್ಯಾಡ," ಅಂದರು. "ಇದನ್ನ ಮುಟ್ಟಿ ತಗೊಂಡಿಲ್ಲ ಅನ್ನು. ನಾ ನಂಬತೀನಿ. ಮನಿಗೆ ಹೋಗು."

ಅಷ್ಟು ಸುಲಭವಿತ್ತು. ನಾನು ಕೈ ಚಾಚಿದೆ. ಬಟ್ಟಲಿನ ಹತ್ತಿರ ಹೋಗುತ್ತಲೇ ಹಿಂದೆ ತೆಗೆದುಕೊಂಡೆ. ಆ ಸ್ಥಿತಿಯಲ್ಲಿ ಭಂಡಾರ ಮುಟ್ಟಬಾರದು ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಐದು ಗಂಡಸರ ಮುಂದೆ ಕಾರಣ ಹೇಳಲು ನಾಲಿಗೆ ಏಳಲಿಲ್ಲ.

"ಆತಲ್ರಿ," ಅಂದ ದಿವಾಣಜಿ. "ಇನ್ನೇನ ಬೇಕು?"

ಮಾಲೀಕರ ಮುಖ ಇಳಿಯಿತು. ಅವರು ಫೋನು ಕೈಗೆ ತೆಗೆದುಕೊಂಡರು.

ಆಗ ಮಾವಶಿ ಒಳಗೆ ಬಂದರು. "ಮಾಲಕ್ರ, ಇಕಿ ಸುಳ್ಳ ಹೇಳ್ಯಾಳ," ಅಂದರು. "ಕಸಬರಿಗಿ ಮಾತು ಸುಳ್ಳ. ಆದ್ರ ಬೋರಮಾಳ ಇಕಿ ತಗೊಂಡಿಲ್ಲ."

"ಹೆಂಗ ಹೇಳ್ತಿ?"

"ಹೆಂಗ ಅಂತ ಹೇಳಾಕ ಬರೂದಿಲ್ರಿ."

"ಮುದುಕಿ ಪಾಲು ಎಷ್ಟಂತ ಕೇಳ್ರಿ," ಅಂದ ದಿವಾಣಜಿ. "ಬಾಗಿಲದಾಗ ನಿಂದ್ರಾಕಿ ಇಕಿನ."

ಮಾವಶಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಬಟ್ಟಲಿಗೆ ಕೈ ಹಾಕಿ ಮುಷ್ಟಿ ತುಂಬ ಭಂಡಾರ ತೆಗೆದರು. "ಈ ಹುಡುಗಿ ತಗೊಂಡಿದ್ರ ಅದು ನನ್ನ ಮಗನ ಮ್ಯಾಲ ಬರಲಿ," ಅಂದರು. ಅವರಿಗೆ ಇದ್ದದ್ದು ಒಬ್ಬನೇ ಮಗ. ಮಾಲೀಕರು ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಅದರ ಜಾಗದಲ್ಲಿ ಇಟ್ಟು, ನಮ್ಮಿಬ್ಬರಿಗೂ ಹೋಗಿರೆಂದರು.

ಮರುದಿನ ಸಂಜೆ ಬಸ್ ಸ್ಟ್ಯಾಂಡಿನವರೆಗೆ ಅವರು ನನ್ನ ಜೊತೆ ನಡೆದರು. ನಾನು ಕೇಳಿದೆ, "ನಾ ಸುಳ್ಳ ಹೇಳಿದ್ದು ಗೊತ್ತಾಗಿಯೂ ಹೆಂಗ ನಂಬಿದ್ರಿ?"

"ಕದ್ದಾಕಿ ಆಗಿದ್ರ ಭಂಡಾರ ಮುಟ್ಟಿ ಪಾರಾಗಿ ಹೋಗ್ತಿದ್ದಿ. ಮುಟ್ಟಬಾರದ ದಿನ ಮುಟ್ಟಾಕ ಹೆದರಾಕಿ, ಕದ್ದ ಮಾಲು ಮನಿಗೆ ಒಯ್ತಾಳೇನು? ನೀ ಕೈ ಹಿಂದ ತಗದ ಮ್ಯಾಲನ ನನಗ ಖಾತ್ರಿ ಆತು."

"ಮಾಲಕ್ರಿಗೆ ಹೇಳಬಹುದಿತ್ತಲ್ರಿ."

"ನೀ ಬ್ಯಾಡ ಅಂದಿದ್ದಿಯಲ್ಲ. ಹೇಳೂದು ನಿನ್ನ ಮಾತು, ನಂದಲ್ಲ. ಹತ್ತು, ಬಸ್ ಬಂತು."

ನಾನು ಮಾಲೀಕರ ಹೆಂಡತಿಗಾದರೂ ಹೇಳಬಹುದಾಗಿತ್ತು. ನಾಳೆ ಹೇಳೋಣ ಅಂದುಕೊಂಡೆ. ವಾರ ಕಳೆಯಿತು. ಆಮೇಲೆ ಹೇಳಿದರೆ ಕಟ್ಟಿದ ಕಥೆಯಂತೆ ಕಂಡೀತು ಅನ್ನಿಸಿತು. ಬೋರಮಾಳ ಇವತ್ತಿನವರೆಗೂ ಸಿಕ್ಕಿಲ್ಲ. ಯಾರು ತೆಗೆದರೋ ನನಗೆ ತಿಳಿಯದು. ಮಾಲೀಕರು ಕೊಟ್ಟ ಮಾತಿನಂತೆ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಆದರೆ ಬಾಗಿಲಿಗೆ ಇನ್ನೊಬ್ಬ ಹೆಂಗಸು ಬಂದಳು. ಎಲ್ಲರ ಝಡತಿ ಮುಗಿದ ಮೇಲೆ ಅವಳು ಮಾವಶಿಯ ಝಡತಿ ಮಾಡಬೇಕು. ಮೊದಲ ದಿನ ಆ ಹೆಂಗಸು ಸಂಕೋಚದಿಂದ ಹಾಗೇ ಮುಟ್ಟಿ ಬಿಟ್ಟಾಗ, "ಹಂಗಲ್ಲ ತಂಗಿ, ಸೊಂಟದ ಹಿಂದ ನೋಡು, ಕಳ್ಳಿಯರು ಅಲ್ಲೇ ಇಡತಾರ" ಎಂದು ತಾವೇ ಕಲಿಸಿದರು. ನಾವೆಲ್ಲ ನಕ್ಕೆವು. ನಾನು ನಕ್ಕದ್ದು ಇವತ್ತಿಗೂ ನನಗೆ ಚುಚ್ಚುತ್ತದೆ.

ಮೂರು ವರ್ಷದ ಮೇಲೆ ಅವರ ಮಗ ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಯ ಕೆಳಗೆ ಸಿಕ್ಕ. ಜೀವ ಉಳಿಯಿತು, ಬಲಗಾಲು ಮೊಣಕಾಲ ಕೆಳಗೆ ಹೋಯಿತು. ಸುದ್ದಿ ಬಂದ ದಿನ ವಖಾರಿಯಲ್ಲಿ ಜರಡಿಯ ಸಪ್ಪಳವೂ ಇರಲಿಲ್ಲ. ನನ್ನ ಪಕ್ಕ ಕೂರುತ್ತಿದ್ದವಳು ಎದ್ದು ದೂರ ಹೋಗಿ ಕೂತಳು. "ಆಣೆ ಬಡೀತು" ಎಂದು ಯಾರೋ ಅಂದರು.

ಆಸ್ಪತ್ರೆಗೆ ಹೋದೆ. ಮಾವಶಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ನನ್ನನ್ನು ಬಹಳ ಹೊತ್ತು ನೋಡಿದರು. ಅವರ ನೋಟಕ್ಕೆ ನಾನು ಹೆದರಿದ್ದು ಅದೊಂದೇ ಸಲ.

"ನನ್ನ ಆಣೆ ಖರೇ ಇತ್ತಿಲ್ಲೋ?" ಅಂದರು.

"ಖರೇ ಇತ್ರಿ ಮಾವಶಿ. ನಾ ತಗೊಂಡಿಲ್ಲ."

ಕಣ್ಣು ಮುಚ್ಚಿ ತೆರೆದರು. "ಹಂಗಾರ ಇದು ಆಣಿದಲ್ಲ, ಟ್ರಾಲಿದು. ಚಹಾ ಕುಡದಿಯೇನು?"

ಮತ್ತೆಂದೂ ಅವರು ಕೇಳಲಿಲ್ಲ. ಆದರೆ ಮಗ ನನ್ನೊಡನೆ ಮಾತು ಬಿಟ್ಟ. ನಾನು ಅವರ ಮನೆಗೆ ಹೋದರೆ ಊರುಗೋಲು ತೆಗೆದುಕೊಂಡು ಹೊರಗೆ ನಡೆಯುತ್ತಿದ್ದ. ಮಾವಶಿ ಕೆಲಸ ಬಿಟ್ಟ ಮೇಲೂ ಆರು ವರ್ಷ ನಾನು ಹೀಗೆ ಹೋಗಿ ಬರುತ್ತಿದ್ದೆ. ಅವರೂ ಅವನಿಗೆ ಕಾರಣ ಹೇಳಲಿಲ್ಲ. ನಾನು ಬೇಡವೆಂದಿದ್ದೆನಲ್ಲ.

ಈ ಸಲ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರದಲ್ಲಿ ಅವರು ತೀರಿಕೊಂಡರು. ಅವರು ಹೋದ ಮೂರನೆಯ ದಿನ ಅಂಗಳದಲ್ಲಿ ಬೀಗರು, ಓಣಿಯವರು ಕೂತಿದ್ದರು. ನಾನು ಒಳಗೆ ಹೋಗುವಾಗ ಒಬ್ಬ ಹೆಂಗಸು ಇನ್ನೊಬ್ಬಳಿಗೆ, "ಇಕಿನ ಅಲ್ಲ, ಆ ಬೋರಮಾಳದಾಕಿ?" ಅಂದಳು. ಮಗನಿಗೂ ಕೇಳಿಸಿತು. ಅವನು ಈ ಸಲ ಎದ್ದು ಹೋಗಲಿಲ್ಲ.

"ಅಕ್ಕಾ, ಇವತ್ತರ ಖರೇ ಹೇಳು," ಅಂದ. "ಅವ್ವ ನಿನ್ನ ಸಲುವಾಗಿ ಯಾಕ ಆಣೆ ಮಾಡಿದ್ಳು? ನೀನ ಯಾಕ ಮುಟ್ಟಲಿಲ್ಲ?"

ಅಂಗಳದ ತುಂಬ ಗಂಡಸರಿದ್ದರು. ಆಫೀಸಿನಲ್ಲಿ ಇದ್ದದ್ದು ಐದು ಜನ, ಇಲ್ಲಿ ಇಪ್ಪತ್ತಕ್ಕೂ ಹೆಚ್ಚು.

"ನಾ ಅವತ್ತ ಹೊರಗಾಗಿದ್ನಿ, ತಮ್ಮಾ," ಅಂದೆ. "ಭಂಡಾರ ಮುಟ್ಟುಹಂಗಿರಲಿಲ್ಲ. ಬಚ್ಚಲಕ್ಕ ಅಂತ ಎರಡನೇ ಸಲ ಆಫೀಸಿಗೆ ಹೋಗಿದ್ದು. ಗಂಡಸರ ಮುಂದ ಹೇಳಾಕ ನಾಚಿಕಿ ಬಂತು. ನಿಮ್ಮವ್ವಗ ಝಡತಿ ಮಾಡುವಾಗ ಗೊತ್ತಾಗಿತ್ತು. ನಾನ ಹೇಳಬ್ಯಾಡ್ರಿ ಅಂದಿದ್ನಿ."

ಕೆಲವರು ತಲೆ ತಗ್ಗಿಸಿದರು. ಅವನು ತಗ್ಗಿಸಲಿಲ್ಲ. ತನ್ನ ಕಾಲಿನ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ಅಷ್ಟ ಮಾತಾಗಿತ್ತೇನು?"

"ಅಷ್ಟ."

ಅವನು ಚಾಪೆಯ ತುದಿಯಲ್ಲಿ ಸರಿದು ಜಾಗ ಮಾಡಿದ. ನಾನು ಕೂತೆ. ಸಿಟ್ಟಿಲ್ಲದ ದನಿಯಲ್ಲಿ ಅಂದ, "ಅವ್ವ ಇದ್ದಾಗ ಹೇಳಿದ್ರ ಚಲೋ ಆಗ್ತಿತ್ತು."