ನಾಲ್ಕೂವರೆಗೆ ಇಳಿಯುತ್ತಿದ್ದ ಬ್ಯಾಟರಿ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಇಚಲಕರಂಜಿಯ ಒಂದು ಜ್ಯೂನಿಯರ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತ ಬಂದಿದ್ದೇನೆ. ಓಣಿಯಲ್ಲಿ ಯಾರಿಗಾದರೂ ಗಾಳಿ ಸೋಕಿದೆ ಎಂದು ಸುದ್ದಿ ಬಂದರೆ, ಮೊದಲು ರಕ್ತ ತಪಾಸಣೆ ಮಾಡಿಸಿರಿ ಎಂದು ಹೇಳಿ ಜನರ ಸಿಟ್ಟಿಗೆ ಗುರಿಯಾದವಳು. ಹಾಗಾಗಿ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಐದು ವರ್ಷದ ಹಿಂದೆ ನಾವು ಒಂದು ಹಳೆಯ ಕಾರು ಕೊಂಡೆವು. ಕೊಲ್ಹಾಪುರದ ಏಜಂಟನೊಬ್ಬ ಕೊಡಿಸಿದ್ದ. ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿಯ ಮನೆಯ ಗಾಡಿ, ಒಬ್ಬರೇ ಓಡಿಸಿದ್ದು, ಎಲ್ಲೂ ತಾಗಿಸಿದ್ದಲ್ಲ. ಕಾಗದಕ್ಕೆ ಸಹಿ ಹಾಕಲು ಮಾಲಕರ ಮಗ ಮಲ್ಲಿಕಾರ್ಜುನ ಕೊಲ್ಹಾಪುರಕ್ಕೆ ಬಂದಿದ್ದ. ಅರ್ಧ ತಾಸಿನ ಭೇಟಿ, ಅಷ್ಟೇ. ನಮ್ಮ ಮನೆಯವರು ಮಗ್ಗದ ಶೆಡ್ ನೋಡಿಕೊಳ್ಳುತ್ತಾರೆ. ಮುಂಜಾನೆ ಅವರೇ ನನ್ನನ್ನು ಕಾಲೇಜಿಗೆ ಬಿಟ್ಟು ಶೆಡ್ಡಿಗೆ ಹೋಗುತ್ತಿದ್ದರು. ಮಧ್ಯಾಹ್ನ ಇಬ್ಬರೂ ಮನೆಗೆ ಬಂದು ಊಟ ಮಾಡುತ್ತಿದ್ದೆವು. ಆಮೇಲೆ ಅವರು ಸ್ವಲ್ಪ ಮಲಗಿ, ಐದರ ಸುಮಾರಿಗೆ ಸೈಕಲ್ಲಿನ ಮೇಲೆ ಮತ್ತೆ ಶೆಡ್ಡಿಗೆ ಹೋಗುತ್ತಿದ್ದರು. ಕಾರು ಮರುದಿನ ಮುಂಜಾನೆಯವರೆಗೆ ಮನೆ ಮುಂದಿನ ತಗಡಿನ ಕೆಳಗೆ ನಿಂತಿರುತ್ತಿತ್ತು.

ಎರಡನೆಯ ವಾರದಲ್ಲೇ ಮುಂಜಾನೆ ಗಾಡಿ ಚಾಲೂ ಆಗಲಿಲ್ಲ. ಕೀಲಿ ತಿರುಗಿಸಿದರೆ ಟಿಕ್ ಎಂದಿತು, ಅಷ್ಟೇ. ಬ್ಯಾಟರಿ ಹಳೆಯದೆಂದು ಹೊಸದು ಹಾಕಿಸಿದೆವು. ನಾಲ್ಕು ದಿನಕ್ಕೆ ಅದೂ ಇಳಿಯಿತು.

ಗಾಡಿ ನಿಂತಲ್ಲೇ ಬ್ಯಾಟರಿ ಇಳಿಯಬೇಕೆಂದರೆ ಒಳಗೆ ಏನಾದರೂ ಉರಿಯುತ್ತಿರಬೇಕು, ಇಲ್ಲವೇ ಯಾರಾದರೂ ಒಳಗೆ ಕುಳಿತು ಫ್ಯಾನೋ ರೇಡಿಯೋನೋ ಹಚ್ಚುತ್ತಿರಬೇಕು. ನನ್ನ ಮನಸ್ಸು ಎರಡನೆಯದರ ಕಡೆಗೇ ಹೋಯಿತು. ಅದಕ್ಕೆ ಕಾರಣವಿತ್ತು. ಮಧ್ಯಾಹ್ನ ನಾಲ್ಕು ದಾಟಿದ ಮೇಲೆ ನಾನು ಚಹಾಕ್ಕೆ ಎದ್ದರೆ ಮನೆಯವರ ಹಾಸಿಗೆ ಖಾಲಿ ಇರುತ್ತಿತ್ತು. ಫೋನೂ ಇರುತ್ತಿರಲಿಲ್ಲ. ಅರ್ಧ ತಾಸಿನ ಮೇಲೆ ಏನೂ ಆಗದವರಂತೆ ಬಂದು ಮುಖ ತೊಳೆಯುತ್ತಿದ್ದರು. ಕೇಳಿದರೆ ‘ಇಲ್ಲೇ ಇದ್ದೆ’ ಎನ್ನುವರು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ‘ಇಲ್ಲೇ’ ಎಂಬ ಮಾತಿನಲ್ಲಿ ಎಷ್ಟು ಸುಳ್ಳಿದೆ ಎಂದು ಗೊತ್ತಾಗುತ್ತದೆ.

ಗಾಡಿಯಲ್ಲಿ ಕೂತು ಯಾರೊಂದಿಗೋ ಮಾತಾಡುತ್ತಾರೆ ಎಂದು ನಾನು ತೀರ್ಮಾನಿಸಿದೆ. ಕಾರಿನ ಗಾಜು ಸ್ವಲ್ಪ ಕಪ್ಪು. ದೂರದಿಂದ ಒಳಗಿನದು ಕಾಣುವುದಿಲ್ಲ. ಒಂದು ದಿನ ನಾಲ್ಕೂವರೆಗೆ ಬರಿಗಾಲಲ್ಲಿ ಇಳಿದು ಹೋಗಿ, ಎರಡೂ ಕೈಗಳನ್ನು ಕಣ್ಣಿನ ಪಕ್ಕಕ್ಕೆ ಮರೆ ಹಿಡಿದು, ಗಾಜಿಗೆ ಮುಖ ಹಚ್ಚಿ ನೋಡಿದೆ. ಖಾಲಿ ಸೀಟು. ಮರುದಿನ ಮತ್ತೆ ನೋಡಿದೆ. ಹದಿನೈದು ದಿನ ಹೀಗೆ ನೋಡಿರಬೇಕು. ನಾಚಿಕೆಯ ವಿಷಯ, ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನದು ಅರ್ಥವಾಗಬೇಕಾದರೆ ಇದು ನಿಮಗೆ ತಿಳಿದಿರಬೇಕು. ನಾನು ಈ ಸಂಗತಿ ಯಾರಿಗೂ ಹೇಳಿರಲಿಲ್ಲ. ನಮ್ಮ ಗೇಟು ಎತ್ತರದ್ದು, ರಸ್ತೆಯಲ್ಲಿ ಹೋಗುವವರಿಗೂ ಕಾಣುವಂತಿರಲಿಲ್ಲ.

ಕೊನೆಗೆ ಗಾಡಿಗಳ ಇಲೆಕ್ಟ್ರಿಶಿಯನ್ ಅಸ್ಲಮಭಾಯಿಯನ್ನು ಕರೆಸಿದೆವು. ಅವರ ಮಗಳು ನನ್ನ ವಿದ್ಯಾರ್ಥಿನಿ. ಅವರು ಬ್ಯಾಟರಿಯ ದಪ್ಪ ವಾಯರಿಗೆ ಕ್ಲ್ಯಾಂಪ್ ಮೀಟರ್ ತೊಡಿಸಿದರು. ಇಕ್ಕಳದಂತೆ ವಾಯರನ್ನು ಹಿಡಿದು, ಅದರಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುವ ಮೀಟರ್ ಅದು. ಮಧ್ಯಾಹ್ನ ಮೂರಕ್ಕೆ ನೋಡಿದಾಗ ಹರಿಯುತ್ತಿದ್ದದ್ದು ಬಹಳ ಅಲ್ಪ. ನಿಂತ ಗಾಡಿಯಲ್ಲಿ ಗಡಿಯಾರಕ್ಕೆ, ಲಾಕಿಗೆ ಅಷ್ಟು ಬೇಕೇ ಬೇಕು.

“ಟೀಚರ್, ಗಾಡಿ ಏಕದಮ್ ಬರೋಬರ್ ಐತ್ರಿ,” ಎಂದರು. “ಯಾರೋ ಒಳಗ ಕುಂತು ಲೈಟ್ ಹಚ್ಚಾಕತ್ತಾರ, ನೋಡ್ರಿ.”

ನಾನು ಮನೆಯವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅವರಿಗೂ ನನ್ನ ಮೇಲೆ ಏನೋ ಸಂಶಯವಿದೆ ಎಂದು ಆಗ ಮೊದಲ ಸಲ ಹೊಳೆಯಿತು.

ಚಹಾ ಕುಡಿದು ಅಸ್ಲಮಭಾಯಿ ಮೀಟರ್ ತೆಗೆಯಲು ಹೋದರು. ನಾಲ್ಕೂವರೆ ಆಗಿತ್ತು. “ಅರೇ, ಹೇ ಕಾಯ್?” ಇದೇನಿದು ಎಂದು ಮರಾಠಿಯಲ್ಲಿ ತಮ್ಮಷ್ಟಕ್ಕೆ ತಾವೇ ಅಂದುಕೊಂಡರು. ಮೀಟರ್ ನಲವತ್ತು ಆಂಪಿಯರ್ ತೋರಿಸುತ್ತಿತ್ತು. ಹೆಡ್‌ಲೈಟು, ಫ್ಯಾನು, ಎಲ್ಲ ಒಟ್ಟಿಗೆ ಹಚ್ಚಿದಷ್ಟು ಕರೆಂಟು. ಗಾಡಿಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಅವರು ಒಂದೊಂದಾಗಿ ಫ್ಯೂಸ್ ಕಿತ್ತರು. ಯಾವ ಫ್ಯೂಸ್ ಕಿತ್ತಾಗ ಮೀಟರ್ ಇಳಿಯುತ್ತದೋ ಆ ದಾರಿಯಲ್ಲಿ ದೋಷವಿದೆ ಎಂದು ಲೆಕ್ಕ. ಎಲ್ಲ ಫ್ಯೂಸ್ ಮುಗಿದವು. ನಲವತ್ತು ನಲವತ್ತಾಗಿಯೇ ಇತ್ತು. ಸ್ಟಾರ್ಟರಿಗೆ ಹೋಗುವ ವಾಯರನ್ನೂ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವಾಯರನ್ನೂ ಬಿಚ್ಚಿದರು. ಈಗ ಕರೆಂಟು ಹೋಗಲು ದಾರಿಯೇ ಉಳಿದಿರಲಿಲ್ಲ. ಆದರೂ ಹೋಗುತ್ತಿತ್ತು.

ಅಷ್ಟು ಕರೆಂಟು ಅಷ್ಟು ಹೊತ್ತು ಹರಿದರೆ ವಾಯರು ಸ್ವಲ್ಪವಾದರೂ ಬಿಸಿಯಾಗಬೇಕು. ನಾನೇ ಮುಟ್ಟಿ ನೋಡಿದೆ. ಬಾವಿಯಿಂದ ಆಗಷ್ಟೇ ಸೇದಿದ ಕೊಡದ ಹಾಗೆ ತಣ್ಣಗಿತ್ತು. ಐದು ಗಂಟೆ ದಾಟಿದ ಮೇಲೆ ಮೀಟರ್ ತಾನಾಗಿಯೇ ಇಳಿಯಿತು.

ಮೀಟರ್ ಕೆಟ್ಟಿದೆ ಎಂದೆ. ಮರುದಿನ ಕಾಲೇಜಿನಿಂದ ಇನ್ನೊಂದು ಮೀಟರ್ ತಂದೆ. ಅದೇ ಹೊತ್ತಿಗೆ ಅದೂ ಅಷ್ಟೇ ತೋರಿಸಿತು. ಆಗ ಅಸ್ಲಮಭಾಯಿ ಒಂದು ಮಾತು ಹೇಳಿದರು: “ಹಳೇ ಮಾಲಕರು ಒಳಗ ಏನರ ಕೂಡ್ಸ್ಯಾರೇನ್, ಕೇಳಿ ನೋಡ್ರಿ. ಗಾಡಿ ಎಲ್ಲೈತಿ ಅಂತ ತೋರಿಸೋ ಡಬ್ಬಿ ಇರ್ತದ, ಅಂಥದ್ದು.”

ನಮ್ಮ ಮನೆಯವರಿಗೆ ಅಷ್ಟು ಸಾಕಾಯಿತು. ಗಡಹಿಂಗ್ಲಜದವರು ಏನೋ ಕಪಟ ಮಾಡಿದ್ದಾರೆ ಎಂದು, ಬ್ಯಾಟರಿ ಚಾರ್ಜ್ ಮಾಡಿಸಿ, ಭಾನುವಾರ ಮುಂಜಾನೆಯೇ ಗಾಡಿ ಹೊರಡಿಸಿದರು. ಫೋನ್ ಮಾಡಿ ಹೋಗೋಣ ಎಂದರೆ, “ಬ್ಯಾಡ. ಹೇಳಿ ಹೋದ್ರ ಮುಚ್ಚಿಡ್ತಾರ” ಎಂದರು. ನಿಪ್ಪಾಣಿ, ಸಂಕೇಶ್ವರದ ಮೇಲಿನಿಂದ ಹೋಗಿ ಮುಟ್ಟುವಾಗ ಹತ್ತು ಗಂಟೆ. ವಿಳಾಸ ಗಾಡಿಯ ಕಾಗದದಲ್ಲಿತ್ತು.

ಮಲ್ಲಿಕಾರ್ಜುನ ಬಾಗಿಲಲ್ಲೇ ನಮ್ಮನ್ನು ಗುರುತು ಹಿಡಿದ. “ಬರ್ರಿ ಅಣ್ಣಾ, ಬರ್ರಿ ವೈನಿ,” ಎಂದು ಒಳಗೆ ಕರೆದ. ಪಡಸಾಲೆಯ ಮಂಚದ ಮೇಲೆ ಅವನ ತಂದೆ ಮಲಗಿದ್ದರು. ಮನೆಯಲ್ಲಿ ಎಲ್ಲರೂ ಅವರನ್ನು ತಾತ್ಯಾ ಎನ್ನುತ್ತಿದ್ದರು. ಹಣೆಯಲ್ಲಿ ವಿಭೂತಿ, ಉದ್ದನೆಯ ದೇಹ, ಬಲಗಡೆಯ ಕೈಕಾಲಿಗೆ ಲಕ್ವಾ ಹೊಡೆದಿತ್ತು. ಗಾಡಿ ಮಾರಿದ್ದು ಆ ಕಾರಣಕ್ಕೇ ಎಂದು ಆಗ ತಿಳಿಯಿತು. ನಾನು ಹೊಸ್ತಿಲು ದಾಟುತ್ತಿದ್ದಂತೆ ಅವರು ತಲೆ ಹೊರಳಿಸಿ ನನ್ನನ್ನು ನೋಡಿ, ನಿಧಾನವಾಗಿ, ಆದರೆ ಸ್ಪಷ್ಟವಾಗಿ ಹೇಳಿದರು.

“ಬಾ ತಂಗಿ. ಇವತ್ತಾದ್ರೂ ಒಳಗ ಬಂದಿ.”

ಮಗನಿಗೆ ಆಶ್ಚರ್ಯ. “ತಾತ್ಯಾ, ಇವ್ರು ಇಚಲಕರಂಜಿಯವ್ರು. ನಿಮಗ ಗುರುತಿಲ್ಲ.”

“ಗುರುತಿಲ್ದ ಏನ. ದಿನಾ ಬರ್ತಾಳ. ನಾ ಗಾಡ್ಯಾಗ ಕುಂತಿರ್ತೇನಿ, ಈಕಿ ಬಂದು ಕಾಚಿಗೆ ಮುಖ ಹಚ್ಚಿ ನೋಡ್ತಾಳ.” ಅವರು ಆಡುವ ಎಡಗೈಯನ್ನು ಎತ್ತಿ ಕಣ್ಣಿನ ಪಕ್ಕಕ್ಕೆ ಮರೆ ಹಿಡಿದು ತೋರಿಸಿದರು. “ಹಿಂಗ. ನನ್ನ ಮಾತಾಡ್ಸಂಗಿಲ್ಲ. ಯಾರನ್ನೋ ಹುಡಕ್ತಾಳ, ಪಾಪ.”

ನಾನು ಅಲ್ಲಿದ್ದ ಕುರ್ಚಿಯ ಮೇಲೆ ಕೂತುಬಿಟ್ಟೆ. ಮನೆಯವರು ನನ್ನನ್ನೇ ನೋಡುತ್ತಿದ್ದರು.

ಮಲ್ಲಿಕಾರ್ಜುನ ಸಂಕೋಚದಿಂದ ವಿವರಿಸಿದ. ತಾತ್ಯಾ ದಿನವೂ ನಾಲ್ಕೂವರೆಗೆ ಗಾಡಿ ತೆಗೆದು ಹೊಲಕ್ಕೆ ಹೋಗುತ್ತಿದ್ದರಂತೆ. ಈಗಲೂ ಆ ಹೊತ್ತಿಗೆ ಕಣ್ಣು ಮುಚ್ಚಿ, ಅರ್ಧ ತಾಸಿಗಿಂತ ಸ್ವಲ್ಪ ಹೆಚ್ಚು, ಗಾಡಿಯಲ್ಲಿ ಕೂತಿದ್ದೇನೆ ಎನ್ನುತ್ತಾರಂತೆ. ಗಾಡಿಯೊಳಗೆ ಯಾವ ಡಬ್ಬಿಯನ್ನೂ ತಾವು ಕೂಡಿಸಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದ. ಬ್ಯಾಟರಿ ಇಳಿಯುವ ಹೊತ್ತನ್ನು ನಾವು ಅವನಿಗೆ ಇನ್ನೂ ಹೇಳಿರಲಿಲ್ಲ. ಆಮೇಲೂ ಹೇಳಲಿಲ್ಲ.

ಹೊರಡುವ ಮೊದಲು ಅವನು ತಂದೆಯನ್ನು ಎತ್ತಿಕೊಂಡು ಬಂದು ಗಾಡಿಯ ಸೀಟಿನಲ್ಲಿ ಕೂಡಿಸಿದ. ಮುದುಕರಿಗೆ ಸಂತೋಷವಾದೀತು ಎಂದು. ತಾತ್ಯಾ ಸ್ಟಿಯರಿಂಗ್ ಮೇಲೆ ಕೈಯಾಡಿಸಿದರು, ಅತ್ತಿತ್ತ ನೋಡಿದರು. “ಇದಲ್ಲ,” ಎಂದರು. “ಇದು ನಂದಲ್ಲ. ನನ್ನ ಇಳಸು.”

ವಾಪಸು ಬರುವಾಗ ಸಂಕೇಶ್ವರ ದಾಟಿದ ಮೇಲೆ ಮನೆಯವರೇ ಮಾತು ಆರಂಭಿಸಿದರು.

“ಮುದುಕನ ತಲಿ ಠಿಕಾಣಿ ಇಲ್ಲ. ತನ್ನ ಗಾಡಿ ಗುರುತು ಹತ್ತಲಿಲ್ಲ ಅವಂಗ.”

“ಹೌದ್ರಿ.”

“ಆದ್ರ ಅವನ ಮಾತ ಕೇಳಿ ನೀ ಯಾಕ ಹಂಗ ಕುರ್ಚಿ ಮ್ಯಾಲ ಕುಂತಿ?”

ನಾನು ಹೇಳಿದೆ. ಹದಿನೈದು ದಿನದಿಂದ ಗಾಜಿಗೆ ಮುಖ ಹಚ್ಚಿ ನೋಡಿದ್ದು ನಿಜ, ಹುಡುಕಿದ್ದು ನಿಮ್ಮನ್ನೇ ಎಂದೆ. ಅವರು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ನಾ ಮಾಳಿಗಿ ಮ್ಯಾಲ ಇರ್ತಿದ್ನಿ,” ಎಂದರು. “ಸ್ನೇಹಾಗ ಫೋನ್ ಮಾಡ್ತಿದ್ನಿ. ನೀ ಅಕಿ ಹೆಸರ ತಗೀಬ್ಯಾಡ ಅಂದಿದ್ದೆಲ್ಲ.”

ಸ್ನೇಹಾ ನಮ್ಮ ಒಬ್ಬಳೇ ಮಗಳು. ನಮ್ಮವರಲ್ಲದ ಹುಡುಗನನ್ನು ಮದುವೆಯಾಗಿ ಪುಣೆಯಲ್ಲಿದ್ದಳು. ಒಂದು ವರ್ಷದಿಂದ ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆ. ಭೂತ ನಂಬದವಳು ಜಾತಿ ನಂಬುತ್ತಿದ್ದೆ, ಇದನ್ನೂ ಒಪ್ಪಿಕೊಳ್ಳುತ್ತೇನೆ. ಮನೆಯವರ ಲೆಕ್ಕದಲ್ಲಿ, ಅವರು ಮಾಳಿಗೆ ಹತ್ತಿದ ಹೊತ್ತಿಗೆ ನಾನು ಅವರ ಮೇಲಿನ ಸಿಟ್ಟಿಗೆ ಗಾಡಿಯ ದೀಪ ಹಚ್ಚಿಟ್ಟು ಬ್ಯಾಟರಿ ಇಳಿಸುತ್ತಿದ್ದೆ. ನಗು ಬರಬೇಕಿತ್ತು. ಇಬ್ಬರಿಗೂ ಬರಲಿಲ್ಲ. ಆ ರಾತ್ರಿ ನಾನು ಮಗಳಿಗೆ ಫೋನ್ ಮಾಡಿದೆ. ನಮ್ಮಿಬ್ಬರ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನದಿಂದ ನಾವು ಒಂದು ಉಪಾಯ ಮಾಡಿದೆವು. ಮಧ್ಯಾಹ್ನ ಗಾಡಿ ನಿಲ್ಲಿಸಿದ ಕೂಡಲೇ ನಟ್ಟು ಬಿಚ್ಚುವ ಪಾನಾ ಹಾಕಿ ಬ್ಯಾಟರಿಯ ಒಂದು ವಾಯರನ್ನೇ ಬಿಚ್ಚಿಡುವುದು, ಮುಂಜಾನೆ ಕೂಡಿಸುವುದು. ಬ್ಯಾಟರಿ ಇಳಿಯುವುದು ನಿಂತಿತು. ನಾನೂ ಗಾಜಿನ ಹತ್ತಿರ ಹೋಗಲಿಲ್ಲ. ಮನೆಯೊಳಗಿನ ಸಂಶಯ ಹೋದ ಮೇಲೆ ಹೊರಗಿನದರ ಬಗ್ಗೆ ಹೆಚ್ಚು ಯೋಚಿಸಬಾರದು ಎಂದುಕೊಂಡೆ.

ಹನ್ನೆರಡನೆಯ ದಿನ ಮಲ್ಲಿಕಾರ್ಜುನನ ಫೋನ್ ಬಂತು.

“ವೈನಿ, ತಪ್ಪ ತಿಳ್ಕೋಬ್ಯಾಡ್ರಿ. ನೀವು ಬಂದು ಹೋದ ಮರುದಿನದಿಂದ ತಾತ್ಯಾ ಏನೂ ಕಾಣವಲ್ದು ಅನ್ನಾಕತ್ತಾರ. ಗಾಡ್ಯಾಗ ಹೋಗಾಕ ಬರವಲ್ದಂತ. ಊಟ ಬಿಟ್ಟಾರ್ರಿ. ಎರಡು ಚಮಚ ಗಂಜಿ, ಅಷ್ಟ. ಆ ತಂಗಿ ಆರಾಮ ಅದಾಳೇನ್ ಕೇಳು ಅಂದ್ರು. ಅದಕ್ಕ ಮಾಡೇನಿ.”

ವಾಯರ್ ಬಿಚ್ಚಿಡುವುದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ, ಅಸ್ಲಮಭಾಯಿಗೂ ಗೊತ್ತಿರಲಿಲ್ಲ.

ಮನೆಯವರಿಗೆ ಮತ್ತೆ ಸಂಶಯ. ಗಾಡಿ ಮಾರಿ ಪಶ್ಚಾತ್ತಾಪವಾಗಿದೆ, ನಮ್ಮನ್ನು ಹೆದರಿಸಿ ವಾಪಸು ತೆಗೆದುಕೊಳ್ಳುವ ಹಂಚಿಕೆ ಇದು ಎಂದರು. ಇರಬಹುದು ಎಂದೆ. ಆದರೆ ಆ ದಿನ ಮೂರಕ್ಕೆ ನಾನು ಅಡುಗೆಮನೆಯಿಂದ ಬರುವಾಗ ಅವರು ಪಾನಾ ಹಿಡಿದು ಗಾಡಿಯ ಬಾನೆಟ್ ಎತ್ತಿ ನಿಂತಿದ್ದರು. ವಾಯರು ಕೂಡಿಸಿ ನಟ್ಟು ಬಿಗಿಯುತ್ತಿದ್ದರು. “ಒಂದ ಬ್ಯಾಟರಿ ಹ್ವಾದ್ರ ಹೋಗ್ಲಿ,” ಎಂದರು, ನನ್ನ ಕಡೆ ನೋಡದೆ. ನಾಲ್ಕೂವರೆಗೆ ನಾನು ಗಾಜಿಗೆ ಮುಖ ಹಚ್ಚಿದೆ. ಒಳಗೆ ಖಾಲಿ ಸೀಟೇ ಇತ್ತು. “ಆರಾಮ ಅದೀನ್ರಿ, ಉಣ್ಣ್ರಿ,” ಎಂದು ಆ ಸೀಟಿಗೆ ಹೇಳಿದೆ. ಮರುದಿನ ಮುಂಜಾನೆ ಗಾಡಿ ಚಾಲೂ ಆಗಲಿಲ್ಲ. ಮನೆಯವರು ರಿಕ್ಷಾ ಕರೆಯಲು ಹೋದರು.

ಏಳೆಂಟು ತಿಂಗಳು ಹೀಗೆ ನಡೆಯಿತು. ವಾರಕ್ಕೆ ಎರಡು ಮೂರು ದಿನ ವಾಯರ್ ಕೂಡಿಸಿಡುತ್ತಿದ್ದೆವು, ಮನೆಯಲ್ಲೇ ಒಂದು ಚಾರ್ಜರ್ ತಂದಿಟ್ಟುಕೊಂಡೆವು. ಮಲ್ಲಿಕಾರ್ಜುನನ ಫೋನ್ ಮತ್ತೆ ಬರಲಿಲ್ಲ. ತಾತ್ಯಾ ಊಟ ಮಾಡುತ್ತಿದ್ದಾರೋ ಇಲ್ಲವೋ ನಾವೂ ಕೇಳಲಿಲ್ಲ. ಆಮೇಲೆ ಒಂದು ದಿನ, ವಾಯರ್ ಕೂಡಿಸಿಟ್ಟಿದ್ದರೂ, ಗಾಡಿ ಮುಂಜಾನೆ ಒಂದೇ ಏಟಿಗೆ ಚಾಲೂ ಆಯಿತು. ಮರುದಿನವೂ ಆಯಿತು. ಅಸ್ಲಮಭಾಯಿ ಬಂದು ಮೂರು ಮಧ್ಯಾಹ್ನ ಮೀಟರ್ ಹಚ್ಚಿ ಕೂತರು. ನಾಲ್ಕೂವರೆ ಬಂತು, ಹೋಯಿತು. ಮೀಟರ್ ಅಲುಗಲಿಲ್ಲ.

ಗಾಡಿ ಈಗಲೂ ನಮ್ಮಲ್ಲೇ ಇದೆ. ಗಡಹಿಂಗ್ಲಜದ ನಂಬರ್ ನನ್ನ ಫೋನಿನಲ್ಲಿದೆ. ಒಂದು ಸಲ ಒತ್ತಿದರೆ ತಿಳಿಯುತ್ತದೆ. ತಾತ್ಯಾ ಅದೇ ದಿನ ತೀರಿಕೊಂಡರು ಎಂದು ಹೇಳಿದರೆ ನಾನು ಏನನ್ನು ನಂಬಬೇಕು, ಆರಾಮ ಇದ್ದಾರೆ ಎಂದು ಹೇಳಿದರೆ ಏನನ್ನು ನಂಬಬೇಕು, ಎರಡೂ ನನಗೆ ಗೊತ್ತಿಲ್ಲ. ಅದಕ್ಕೇ ಇನ್ನೂ ಒತ್ತಿಲ್ಲ.