ಅರ್ಧ ಮನೆ ಏರಿದ ಶ್ರುತಿ

ಸುಮಿತ್ರಕ್ಕನ ಗಂಟಲು ಕೆಟ್ಟಿಲ್ಲ. ಕೆಟ್ಟಿದೆ ಎಂದು ಅವರು ಆರು ವರ್ಷದಿಂದ ನಂಬಿದ್ದಾರೆ. ಹಾಗೆ ನಂಬಿಸಿದವಳು ನಾನು.

ಅವರು ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಶಿಡ್ಲಘಟ್ಟದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅವರು ಆಗಲೇ ಹಾಡುತ್ತಿದ್ದರು. ನನಗೂ ಸ್ವಲ್ಪ ಪಾಠವಾಗಿತ್ತು. ಹಿತ್ತಲ ಗೋಡೆಗೆ ತಾಗಿಕೊಂಡು ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯೂನಿಟ್ ಇದೆ. ಮಧ್ಯಾಹ್ನ ಊಟಕ್ಕೆಂದು ಅಲ್ಲಿಯ ಯಂತ್ರಗಳು ನಿಂತಾಗ ನಾವಿಬ್ಬರೂ ಅಡುಗೆಮನೆಯ ಕೆಲಸ ಬಿಟ್ಟು ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂರುತ್ತಿದ್ದೆವು. ಶ್ರುತಿಯ ಎತ್ತರವನ್ನು ಮನೆಗಳಲ್ಲಿ ಎಣಿಸುತ್ತಾರೆ; ಅವರದು ಐದು ಮನೆ. ನನ್ನದು ಐದೂವರೆ — ಅರ್ಧ ಮನೆ ಮೇಲೆ. ಒಟ್ಟಿಗೆ ಹಾಡುವವರು ಒಬ್ಬರು ಇನ್ನೊಬ್ಬರಿಗೆ ಹೊಂದಿಕೊಳ್ಳಬೇಕಲ್ಲ. ನಾನು ಹೊಂದಿಕೊಂಡೆ. ಹದಿನೈದು ವರ್ಷ, ರಾಮನವಮಿಯ ಪಾನಕದ ಮನೆಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ, ಐದಕ್ಕೇ ಹಾಡಿದೆ. ಯಾರೂ ಬಲವಂತ ಮಾಡಿರಲಿಲ್ಲ. ಯಾರೂ ಗಮನಿಸಿಯೂ ಇರಲಿಲ್ಲ — ಅದೇ ಒಳಗೊಳಗೆ ಕೊರೆಯುತ್ತಿತ್ತು.

ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ನಂದಿಬೆಟ್ಟದ ಮೇಲೆ ಸಂಗೀತೋತ್ಸವ ನಡೆಸುವವರು ನಮ್ಮ ಕಡೆಯ ಒಬ್ಬ ಗಾಯಕಿಗೆ ಅರ್ಧ ಗಂಟೆ ಕೊಡುತ್ತೇವೆ ಎಂದರು. ಇಬ್ಬರೂ ಬೇರೆ ಬೇರೆಯಾಗಿ ಹಾಡಿ, ಫೋನಿನಲ್ಲಿ ಧ್ವನಿಮುದ್ರಿಸಿ ಕಳಿಸಿದೆವು. ಅಕ್ಕನನ್ನು ಆರಿಸಿದರು. ನಾನು ಸಜ್ಜಿಗೆ ಮಾಡಿ ಎಲ್ಲರಿಗೂ ಹಂಚಿದೆ. ಶ್ರುತಿ ನೋಡಿಕೊಳ್ಳಲು ನಾನೇ ಬರುತ್ತೇನೆ ಎಂದೆ.

ಹೊರಡುವ ಹಿಂದಿನ ದಿನ ಅಕ್ಕ ರವಿಕೆ ತರಲು ಟೈಲರ್ ಅಂಗಡಿಗೆ ಹೋಗಿದ್ದರು. ಬಾಗಿಲು ಹಾಕಿಕೊಂಡು, ಪೆಟ್ಟಿಗೆಯನ್ನು ಐದೂವರೆಗೆ ತಿರುಗಿಸಿ, ಅವರು ಹಾಡಬೇಕಿದ್ದ ಕಲ್ಯಾಣಿಯ ಕೀರ್ತನೆಯನ್ನೇ ಹಾಡಿದೆ. ನಾನು ಇನ್ನೂ ಚೆನ್ನಾಗಿ ಹಾಡುತ್ತೇನೆಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಗೇಟಿನ ಸದ್ದಾಯಿತು. ಪೆಟ್ಟಿಗೆ ಆರಿಸಿ ಚೀಲಕ್ಕೆ ಹಾಕಿದೆ. ಮತ್ತೆ ಐದಕ್ಕೆ ತಿರುಗಿಸುವುದನ್ನು ಮರೆತೆ. ಅಲ್ಲಿಯವರೆಗೆ ಅದು ಮರೆವು. ಅದನ್ನು ಯಾರಾದರೂ ಕ್ಷಮಿಸಬಹುದು.

ಬೆಟ್ಟದ ತಿರುವುಗಳಲ್ಲಿ ಕಾರು ಹತ್ತುವಾಗ ಅಕ್ಕ ನನ್ನ ಮೊಣಕೈ ತಿವಿದು ನಕ್ಕರು. "ಹಾಡೋಳು ನಾನು ಕಣೇ ವೇಣಿ, ಬೆವರ್ತಿರೋಳು ನೀನು!"

ವೇದಿಕೆಯ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ ಹಾಕಿದೆ. ಅಕ್ಕ ಆಚೆ ಹೂವು ಮುಡಿದುಕೊಳ್ಳುತ್ತಿದ್ದರು. ಚಿಂತಾಮಣಿ ಕಡೆಯ ವಯಸ್ಸಾದ ಮೃದಂಗದವರು ಅಂಚಿಗೆ ಕಲ್ಲಿನಿಂದ ತಟ್ಟುತ್ತ ಶ್ರುತಿ ಕೂಡಿಸಿಕೊಳ್ಳುತ್ತಿದ್ದರು. "ಏಮ್ಮಾ, ಐದೂವರೆ ತಾನೇ?" ಎಂದರು.

ಆಗ ನೋಡಿದೆ. ಗುಂಡಿ ಅಲ್ಲೇ ಇತ್ತು. ಬೆರಳಿನಷ್ಟು ದೂರದಲ್ಲಿ. ಹಿಂದಕ್ಕೆ ತಿರುಗಿಸಿದರೆ ಮುಗಿಯುತ್ತಿತ್ತು —

"ಹೂಂ" ಎಂದೆ.

ನಾನು ಇಷ್ಟು ವರ್ಷ ಇಳಿದಿಲ್ಲವೇ, ಅವರು ಒಂದು ದಿನ ಏರಲಿ. ಇದನ್ನೇ ಅಂದುಕೊಂಡೆ, ಇದೇ ಮಾತುಗಳಲ್ಲಿ. ವಯಲಿನ್ ಹುಡುಗಿಯೂ ಅದಕ್ಕೇ ತಂತಿ ಕೂಡಿಸಿಕೊಂಡಳು.

ಮೊದಲ ಕೃತಿಯಲ್ಲೇ ಅಕ್ಕನ ಕತ್ತಿನ ನರಗಳು ಬಿಗಿದದ್ದು ಹಿಂದೆ ಕುಳಿತ ನನಗೆ ಕಾಣಿಸಿತು. ಚಪ್ಪಾಳೆಯ ನಡುವೆ ಅವರು ಹಿಂದಕ್ಕೆ ತಿರುಗಿದರು. "ಶ್ರುತಿ ಜಾಸ್ತಿ ಅನ್ನಿಸ್ತಿದೆ ಕಣೇ. ಒಂಚೂರು ನೋಡು."

ನಾನು ಬಗ್ಗಿ ನೋಡಿದೆ. ನೋಡುವಂತೆ ನಟಿಸಲಿಲ್ಲ, ನಿಜವಾಗಿಯೂ ನೋಡಿದೆ. ಐದೂವರೆ.

"ಐದೇ ಇದೆ ಅಕ್ಕ. ಚಳಿಗಾಳಿಗೆ ನಿಮ್ಮ ಗಂಟಲೇ ಹಿಡಿದಿರಬೇಕು."

ಅವರು ತಲೆಯಾಡಿಸಿ ಮುಂದಕ್ಕೆ ತಿರುಗಿದರು. ಕಲ್ಯಾಣಿಯ ಚರಣದಲ್ಲಿ, ಮೇಲಿನ ಪಂಚಮ ಮುಟ್ಟಬೇಕಾದ ಜಾಗದಲ್ಲಿ, ದನಿ ಒಡೆಯಿತು. ಇನ್ನೊಮ್ಮೆ ಪ್ರಯತ್ನಿಸಿದರು. ಇನ್ನೊಮ್ಮೆ ಒಡೆಯಿತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ನನ್ನ ಕೈ ಪೆಟ್ಟಿಗೆಯ ಮೇಲೇ ಇತ್ತು. ಅಕ್ಕ ಕೈಮುಗಿದು, ಸಮಯ ಇನ್ನೂ ಇರುವಾಗಲೇ ಎದ್ದುಬಿಟ್ಟರು.

ಇಳಿಯುವಾಗ ಕಾರಿನಲ್ಲಿ ಹೇಳಬಹುದಿತ್ತು. ಆ ವಾರ, ಆ ತಿಂಗಳು... ಚಿಕ್ಕಬಳ್ಳಾಪುರದ ಡಾಕ್ಟರು ನೋಡಿ, ಗಂಟಲಲ್ಲಿ ಏನೂ ಇಲ್ಲ ಎಂದರು. "ನನ್ನನ್ನು ಸಮಾಧಾನ ಮಾಡೋಕೆ ಹಾಗಂದ್ರು" ಎಂದು ಅಕ್ಕ ಹೇಳಿದರು. ಮೊಸರು ಬಿಟ್ಟರು, ಹುಣಸೆಹಣ್ಣು ಬಿಟ್ಟರು. ಅವರಿಗೆ ಪ್ರತಿದಿನ ಬೆಳಿಗ್ಗೆ ಮೆಣಸು, ಜ್ಯೇಷ್ಠಮಧು ಕುಟ್ಟಿ ಕಷಾಯ ಮಾಡಿಕೊಡುವವಳು ನಾನು. ಇಲ್ಲದ ಕಾಯಿಲೆಗೆ ಆರು ವರ್ಷ ಔಷಧಿ ಕುಡಿಸಿದ್ದೇನೆ. ಲೋಟ ಕೈಗೆ ತೆಗೆದುಕೊಳ್ಳುವಾಗ ಅವರು, "ನಿನ್ನಂಥೋಳು ಸಿಗಬೇಕಲ್ಲೇ" ಎನ್ನುತ್ತಾರೆ. ಮೊದಲೆಲ್ಲ ಸೊಪ್ಪು ಬಿಡಿಸುವಾಗ ಗುನುಗುತ್ತಿದ್ದರು. ಈಗ ಸುಮ್ಮನೆ ಬಿಡಿಸುತ್ತಾರೆ.

ಮೊನ್ನೆ ಉತ್ಸವದವರು ಮತ್ತೆ ಫೋನು ಮಾಡಿದರು. ಸುಮಿತ್ರಮ್ಮನವರು ಇನ್ನೊಮ್ಮೆ ಹಾಡುತ್ತಾರಾ ಎಂದು ನನ್ನನ್ನೇ ಕೇಳಿದರು. ಅಕ್ಕನಿಗೆ ಹೇಳಿದೆ. ಅವರು ಹಪ್ಪಳದ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನನ್ನ ಕಥೆ ಮುಗೀತಲ್ಲಮ್ಮ. ನಿನ್ನ ಹೆಸರು ಕೊಡು. ನಿನ್ನ ಹಿಂದೆ ಕೂತು ನಾನು ಶ್ರುತಿ ನೋಡ್ಕೋತೀನಿ."

ಬಾಯಲ್ಲಿ ಹೇಳಹೊರಟರೆ ಕಾರಣಗಳಿಂದ ಶುರುಮಾಡುತ್ತೇನೆ ಎಂದು ಗೊತ್ತಿತ್ತು, ಅದಕ್ಕೇ ಇಲ್ಲಿಯವರೆಗಿನದನ್ನು ಬರೆದೆ. ಇವತ್ತು ಮಧ್ಯಾಹ್ನ ಅವರೆದುರು ಕುಳಿತು ಓದಿದೆ. ಓದುವಾಗ ತಲೆ ಎತ್ತಲಿಲ್ಲ. ಮುಗಿದ ಮೇಲೂ ಅವರು ಅಳಲಿಲ್ಲ, ಬೈಯಲೂ ಇಲ್ಲ. ಕೊನೆಗೆ ಕೇಳಿದ್ದು ಇಷ್ಟೇ.

"ನಾನು ತಿರುಗಿ ನಿನ್ನ ಕೇಳಿದ್ದೆ, ಅಲ್ವಾ?"

"ಕೇಳಿದ್ರಿ ಅಕ್ಕ."

ಅವರು ಎದ್ದು ಮಹಡಿಗೆ ಹೋದರು. ಇನ್ನೂ ಇಳಿದು ಬಂದಿಲ್ಲ.

ಉತ್ಸವದವರಿಗೆ ನಾನು ಹಾಡುವುದಿಲ್ಲ ಎಂದು ತಿಳಿಸಿದ್ದೇನೆ. ಹಾಗಾದರೆ ಸುಮಿತ್ರಮ್ಮನವರು ಹಾಡುತ್ತಾರಾ ಎಂದು ಅವರು ಮತ್ತೆ ಕೇಳಿದರು. ಅಕ್ಕನ ನಂಬರು ಕೊಟ್ಟೆ, ಅವರನ್ನೇ ಕೇಳಿ ಎಂದೆ. ಅವರ ಪರವಾಗಿ ನಾನು ಇನ್ನು ಯಾವ ಉತ್ತರವನ್ನೂ ಕೊಡುವುದಿಲ್ಲ.