ಆಲೆಫ್ ಬೇತ್, ಆಲೆ ಬೇಡ

ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಬೊಂಬೆ ಕಡೆಯುವ ಲೇತ್ ಮೆಷಿನ್ನುಗಳಿವೆ. ಚನ್ನಪಟ್ಟಣದಲ್ಲಿ ಇದೇನೂ ಹೊಸದಲ್ಲ. ಮೆಷಿನ್ ಓಡುವಾಗ ಫೋನಿನಲ್ಲಿ ಮಾತಾಡಬೇಡಿ ಎಂದು ಯಜಮಾನರಿಗೆ ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಅವತ್ತೂ ಬೆಂಗಳೂರಿನ ಗಿರಾಕಿ ಹೆಂಗಸೊಬ್ಬರ ಜೊತೆ ಆ ಗಲಾಟೆಯಲ್ಲೇ ಕಿರುಚಾಡಿಕೊಂಡು ಬಂದು, ಮುಖ ಚಿಕ್ಕದು ಮಾಡಿ ನಿಂತರು.

"ರೈಲು ಬೊಂಬೆ ಬೇಕಂತೆ. ಬೋಗಿಗೊಂದು ಅಕ್ಷರ ಬರೀಬೇಕಂತೆ. ಆದ್ರೆ ಆಲೆ ಬೇಡ ಅಂತಾವ್ರೆ."

ಆಲೆ ಎಂದರೆ ನಮ್ಮ ಬೊಂಬೆಗಳ ಮರ. ಬೆಳ್ಳಗಿರುತ್ತದೆ, ಹಗುರ, ಅರಗಿನ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಬೊಂಬೆಗಳಿಗೆ ಕಣ್ಣು ಮೂಗು ಬರೆಯುವವರು ನಮ್ಮ ಅತ್ತೆ. ಅವರು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ, "ಆಲೆ ಬೇಡ ಅನ್ನೋರು ಪ್ಲಾಸ್ಟಿಕ್ ತಕಳ್ಳಿ. ಇಲ್ಲಿಗ್ಯಾಕೆ ಬತ್ತಾರೆ?" ಎಂದರು. ಯಾವ ಮರ ಹಾಕುವುದೆಂದು ಮನೆಯಲ್ಲಿ ಚರ್ಚೆಯೋ ಚರ್ಚೆ.

ಅಷ್ಟರಲ್ಲಿ ಆಕೆ ಅಕ್ಷರಗಳ ಚಿತ್ರವನ್ನು ಮೊಬೈಲಿಗೆ ಕಳಿಸಿದರು. ನನಗೆ ಒಂದೂ ಅರ್ಥವಾಗಲಿಲ್ಲ. ನಾನೇ ಫೋನ್ ಮಾಡಿ, ಮರದ ವಿಷಯವನ್ನೂ ಕೇಳಿದೆ. ಆಕೆಗೆ ನಗು ತಡೆಯಲಾಗಲಿಲ್ಲ. ಅವು ಹೀಬ್ರೂ ಭಾಷೆಯ ಅಕ್ಷರಗಳಂತೆ, ಹೊರದೇಶದಲ್ಲಿರುವ ಗೆಳತಿಯ ಮಗುವಿಗೆ ಉಡುಗೊರೆಯಂತೆ. ಮೊದಲ ಅಕ್ಷರ ಆಲೆಫ್, ಎರಡನೆಯದು ಬೇತ್. ಎರಡನ್ನೂ ಕೂಡಿಸಿ ಇಡೀ ಅಕ್ಷರಮಾಲೆಗೇ ಆಲೆಫ್ ಬೇತ್ ಎನ್ನುತ್ತಾರೆ, ನಾವು ಮಕ್ಕಳಿಗೆ ಅಆಇಈ ಕಲಿ ಎನ್ನುವ ಹಾಗೆ. ಅವರ ಆಲೆಫ್ ಬೇತ್ ನಮ್ಮವರ ಕಿವಿಗೆ ಆಲೆ ಬೇಡ ಆಗಿತ್ತು.

ಬೇರೆ ದಿನವಾಗಿದ್ದರೆ ಇದನ್ನೇ ಹಿಡಿದು ಯಜಮಾನರನ್ನು ವಾರಗಟ್ಟಲೆ ಆಡಿಕೊಳ್ಳುತ್ತಿದ್ದೆ. ಆದರೆ ಆಗ ನನಗೂ ಅತ್ತೆಗೂ ಸರಿಯಾಗಿ ಮಾತೇ ಇರಲಿಲ್ಲ. ಕಾರಣ ನನ್ನ ಮಗಳ ಎಡಗೈ.

ಮಗಳು ಒಂದನೇ ಕ್ಲಾಸು. ಎಲ್ಲಕ್ಕೂ ಅವಳಿಗೆ ಎಡಗೈಯೇ ಮುಂದು. ಬರೆಯುವಾಗ ಕೆಲವೊಮ್ಮೆ ಸ್ಲೇಟಿನ ಬಲತುದಿಯಿಂದ ಶುರುಮಾಡುತ್ತಿದ್ದಳು. ಆಗ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿರುತ್ತಿತ್ತು. ತಾನಾಗಿಯೇ ಸರಿಹೋಗುತ್ತದೆ ಬಿಡಿ ಎಂದು ಅವಳ ಟೀಚರೇ ಹೇಳಿದ್ದರು. ಅತ್ತೆ ಬಿಡಬೇಕಲ್ಲ. ಸಂಜೆ ಮಗು ಸ್ಲೇಟು ಹಿಡಿದು ಕೂತರೆ ಹಳೇ ಸೀರೆಯ ಅಂಚು ತಂದು ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟುತ್ತಿದ್ದರು. ನಾನು ಬಿಚ್ಚುತ್ತಿದ್ದೆ. ನಾನು ಒಳಗೆ ಹೋದರೆ ಮತ್ತೆ ಕಟ್ಟುತ್ತಿದ್ದರು. ಮಗು ಬಲಗೈಯಲ್ಲಿ ಬಳಪ ಹಿಡಿದು, ಸ್ಲೇಟಿನ ಮೇಲೆ ಕಣ್ಣೀರು ಹಾಕಿ, ಕೊನೆಗೆ ಸ್ಕೂಲಿಗೇ ಹೋಗುವುದಿಲ್ಲ ಎಂದು ಹಟ ಹಿಡಿಯಿತು.

ಒಮ್ಮೆ ತಡೆಯಲಾರದೆ ಅಂದೇಬಿಟ್ಟೆ: "ನೀವು ಬಣ್ಣ ಹಾಕೋದು ಯಾವ ಕೈಲತ್ತೆ? ಎಡಗೈಲಿ ತಾನೆ?"

"ಊ ಕಣವ್ವ," ಎಂದರು ತಲೆ ಎತ್ತದೆ. "ಅದ್ಕೇ ನಾನು ಬಣ್ಣ ಹಾಕ್ಕೊಂಡು ಕುಂತಿರಾದು."

ಏನು ಹಾಗಂದರೆ ಎಂದು ನಾನೂ ಕೇಳಲಿಲ್ಲ. ಅಷ್ಟು ಸಿಟ್ಟಿತ್ತು.

ರೈಲು ಆಲೆ ಮರದಲ್ಲೇ ತಯಾರಾಯಿತು. ಇಪ್ಪತ್ತೆರಡು ಅಕ್ಷರ, ಇಪ್ಪತ್ತೆರಡು ಬೋಗಿ. ಅತ್ತೆ ಮೊಬೈಲಿನ ಚಿತ್ರ ನೋಡಿಕೊಂಡು, ಬೊಂಬೆಯ ಹುಬ್ಬು ತೀಡುವ ಕುಂಚದಲ್ಲೇ ಒಂದೊಂದನ್ನೂ ಬರೆದರು. ಯಜಮಾನರು ಎಡಗಡೆಗೆ ಇಂಜಿನ್ನು, ಅದರ ಹಿಂದೆ ಆಲೆಫ್, ಆಮೇಲೆ ಬೇತ್ ಎಂದು ಸಾಲಾಗಿ ಜೋಡಿಸಿ ಫೋಟೋ ಕಳಿಸಿದರು. ಆಕೆ ಕೂಡಲೇ ಫೋನ್ ಮಾಡಿದರು. ಈ ಸಲ ಮೆಷಿನ್ ಆಫ್ ಮಾಡಿಸಿ ಸ್ಪೀಕರ್ ಹಾಕಿಸಿದೆ.

"ತುಂಬಾ ಚೆನ್ನಾಗಿದೆ. ಆದ್ರೆ ರೈಲು ಉಲ್ಟಾ ಹೋಗ್ತಿದೆ. ಈ ಭಾಷೇನ ಬಲಗಡೆಯಿಂದ ಬರೀತಾರೆ. ಇಂಜಿನ್ ಬಲಗಡೆಗೆ ಬರಬೇಕು."

ಅತ್ತೆ ಕುಂಚ ಕೆಳಗಿಟ್ಟರು. "ಒಸಿ ಇನ್ನೊಂದ್ ಸಲ ಯೋಳವ್ವ. ಅಲ್ಲಿ ಎಲ್ಲಾ ಮಕ್ಳೂ ಬಲಗಡೆಯಿಂದ್ಲೇ ಬರೀತಾವಾ?"

"ಎಲ್ಲಾ ಮಕ್ಕಳೂ, ಅಜ್ಜಿ."

"ಮೇಷ್ಟ್ರು ಹೊಡ್ಯಾಕಿಲ್ವಾ?"

"ಇಲ್ಲ ಅಜ್ಜಿ. ಎಡಗಡೆಯಿಂದ ಬರೆದ್ರೇ ಅಲ್ಲಿ ತಪ್ಪು."

ಫೋನ್ ಇಟ್ಟಮೇಲೆ ಯಜಮಾನರು ದೊಡ್ಡ ಪಂಡಿತರ ಹಾಗೆ, "ನಮ್ಮ ಬೀದಿ ಉರ್ದು ಬೋರ್ಡೂ ಬಲಗಡೆಯಿಂದಾನೇ ಓದಾದು ಕಣವ್ವ," ಎಂದರು.

"ಇಷ್ಟ್ ದಿನ ಯಾಕ್ಲಾ ಯೋಳ್ನಿಲ್ಲ?" ಎಂದರು ಅತ್ತೆ.

ಆಮೇಲೆ ಅತ್ತೆ ಬೋಗಿಗಳನ್ನು ಬಿಚ್ಚುತ್ತಾ, ನಮ್ಮಿಬ್ಬರ ಮುಖವನ್ನೂ ನೋಡದೆ ಹೇಳಿದರು. ಅವರ ತವರು ಹೊಂಗನೂರಿನ ಕಡೆ. ಸ್ಕೂಲಿಗೆ ಸೇರಿದ ಹೊಸದರಲ್ಲಿ ಎಡಗೈಯಲ್ಲಿ, ಬಲತುದಿಯಿಂದ ಅಆಇಈ ಬರೆದಿದ್ದರಂತೆ. ಮೇಷ್ಟರು ಗೆಣ್ಣಿನ ಮೇಲೆ ಹೊಡೆದು, ಈ ಹುಡುಗಿಯ ತಲೆಯೇ ಉಲ್ಟಾ, ಇದಕ್ಕೆ ಅಕ್ಷರ ಹತ್ತುವುದಿಲ್ಲ ಎಂದರಂತೆ. ಅಪ್ಪ ಸ್ಕೂಲು ಬಿಡಿಸಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ಹಚ್ಚಿದರಂತೆ. ಅತ್ತೆಗೆ ಓದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಯಾಕೆ ಬರುವುದಿಲ್ಲವೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅವರು ಕಟ್ಟುತ್ತಿದ್ದ ಬಟ್ಟೆಯಲ್ಲಿ ನನಗೆ ಕಂಡಿದ್ದು ಹಟ ಮಾತ್ರ. ಮೊಮ್ಮಗಳಿಗೂ ತನ್ನ ಗತಿಯೇ ಬಂದೀತೆಂಬ ದಿಗಿಲು ಅದರಲ್ಲಿತ್ತು. ನನಗೆ ತುಂಬಾ ಸಂಕಟವಾಯಿತು.

ಸಂಜೆ ಮಗಳು ಸ್ಲೇಟು ತಂದು ಅಜ್ಜಿಯ ಮುಂದೆ ಕೂತಳು. ದಿನವೂ ಕಟ್ಟಿಸಿಕೊಂಡು ರೂಢಿಯಾಗಿತ್ತಲ್ಲ, ಯಾರೂ ಹೇಳದೆ ತಾನೇ ಎಡಗೈ ಮುಂದಕ್ಕೆ ಚಾಚಿದಳು. ಅತ್ತೆ ಆ ಕೈಯನ್ನೇ ನೋಡಿದರು. ಸೀರೆಯ ಅಂಚನ್ನು ತೆಗೆದುಕೊಂಡು ಕುಂಚ ಒರೆಸಿ ಪಕ್ಕಕ್ಕೆಸೆದರು. ಬಳಪವನ್ನು ಮಗುವಿನ ಎಡಗೈಯಲ್ಲಿ ಇಟ್ಟು, ಬೆರಳುಗಳನ್ನು ತಾವೇ ಮಡಚಿ ಹಿಡಿಸಿದರು.

"ಯಾವ ಕೈಲಾರ ಬರಿ, ಎತ್ಲಾಗಿಂದಾರ ಬರಿ ಮಗಾ," ಎಂದರು. "ಇಸ್ಕೂಲ್ ಮಾತ್ರ ಬುಡಬ್ಯಾಡ."